ಸರ್ ಸಮಾಧಾನಕ್ಕೆ

ಅಥಣಿಯ ದ್ರಾಕ್ಷಿ ಬೆಳೆಗಾರರ ಸಂಘದ ಲ್ಯಾಬ್ ಎಂದರೆ ಬ್ರಾಹ್ಮಿಗೆ ನಗು ಬರುತ್ತಿತ್ತು. ಎರಡು ಕೋಣೆ, ಗೊರಗುಟ್ಟುವ ಒಂದು ಫ್ರಿಜ್ಜು, ಶಿಲೀಂಧ್ರ ಬೆಳೆಸುವ ಅಗರ್ ಎಂಬ ಗಂಜಿ ಕುದಿಸುವುದಕ್ಕೆ ಅಡಿಗೆಮನೆಯ ಕುಕ್ಕರ್! ಪುಣೆಯಲ್ಲಿ ಎಂಎಸ್ಸಿ ಮಾಡುವಾಗ ಅವಳಿಗೆ ಅಗರ್ ಪ್ಲೇಟುಗಳು ಸಿದ್ಧವಾಗಿಯೇ ಕೈಗೆ ಬರುತ್ತಿದ್ದವು. ಈ ಕೊಂಪೆಗೆ ಬಂದದ್ದು ಒಂದೇ ಆಸೆಗೆ. ದ್ರಾಕ್ಷಿಯ ಎಲೆ ಸುಡುವ ಕರ್ಪಾ ರೋಗದ ಶಿಲೀಂಧ್ರಕ್ಕೆ ಹೊಸ ಜೀನು ಸೇರಿಸಿ ತೋರಿಸಿದರೆ ಪಿಎಚ್‌ಡಿ ಸೀಟು ಕೊಡುತ್ತೇನೆಂದು ಪುಣೆಯ ಮೇಡಂ ಹೇಳಿದ್ದರು.

ಲ್ಯಾಬಿನ ಮುಖ್ಯಸ್ಥ ಬಾಬಾಸಾಹೇಬ ಸರ್ ಅಂತೂ ಇನ್ನೂ ದೊಡ್ಡ ತಮಾಷೆ. ಕಿಸೆಯಲ್ಲಿ ಬಳ್ಳಿ ಸವರುವ ಕತ್ತರಿ, ಚಪ್ಪಲಿ ತುಂಬ ತೋಟದ ಮಣ್ಣು. ಬಳ್ಳಿಯ ಬುಡಕ್ಕೆ ಗಂಟು ಎಬ್ಬಿಸುವ ಒಂದು ಬ್ಯಾಕ್ಟೀರಿಯಾ ತನ್ನ ಜೀನನ್ನು ಗಿಡದೊಳಕ್ಕೆ ನುಗ್ಗಿಸುತ್ತದೆ. ನಮಗೆ ಬೇಕಾದ ಜೀನನ್ನು ಅದಕ್ಕೆ ಹೊರಿಸಿದರೆ ಶಿಲೀಂಧ್ರದೊಳಕ್ಕೂ ಸಾಗಿಸುತ್ತದೆ. ಇಂಥ ಸೊಗಸಾದ ವಿದ್ಯೆಯನ್ನು ಆ ಮನುಷ್ಯ ಮೊಸರಿನ ಮಟ್ಟಕ್ಕೆ ಇಳಿಸಿಬಿಟ್ಟಿದ್ದ.

"ಈ ಅಗರೂ ಹೆಪ್ಪ ಹಾಕಿದಂಗ ನೋಡವಾ. ಹಾಲು ಕುದೀಬೇಕು, ಆಮ್ಯಾಲ ಆರಬೇಕು. ಕೈ ತಾಳುವಷ್ಟು ಆರಿದ ಮ್ಯಾಲನ ಏನ್ ಹಾಕೂದಿದ್ರೂ ಹಾಕೂದು."

"ಹೌದ್ರಿ ಸರ್," ಎಂದು ತಲೆಯಾಡಿಸಿದ ಬ್ರಾಹ್ಮಿ ಹೊರಗೆ ಬಂದವಳೇ ಸಂಘದ ಆಫೀಸಿನ ಸಾರಿಕಾಳಿಗೆ ಹೇಳಿದಳು: "ಮೊಸರು ಸರ್ ಪಾಠ ಮುಗೀತ ನೋಡು." ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವಾರದೊಳಗೆ ಆಫೀಸಿನಲ್ಲೆಲ್ಲ ಅದೇ ಹೆಸರು ಓಡಾಡಿತು.

ಪ್ರಯೋಗದ ಲೆಕ್ಕಾಚಾರ ಸರಳ. ಅಗರಿನಲ್ಲಿ ಶಿಲೀಂಧ್ರ ಕೊಲ್ಲುವ ಔಷಧವಿರುತ್ತದೆ. ಹೊಸ ಜೀನು ಸೇರಿದ ಶಿಲೀಂಧ್ರ ಮಾತ್ರ ಅದನ್ನು ತಡೆದುಕೊಂಡು ಬೆಳೆಯುತ್ತದೆ, ಉಳಿದದ್ದು ಸಾಯುತ್ತದೆ. ಬ್ಯಾಕ್ಟೀರಿಯಾ ಮುಟ್ಟಿಸದ ಬರೀ ಶಿಲೀಂಧ್ರವನ್ನೂ ಒಂದು ಪ್ಲೇಟಿನಲ್ಲಿಡು, ಅದು ಸತ್ತರಷ್ಟೇ ಉಳಿದದ್ದು ಖರೆ ಎಂದು ಸರ್ ಹಟ ಹಿಡಿದರು. ಈ ಮುದುಕನ ಸಂಶಯಕ್ಕೆ ಔಷಧ ಬೇರೆ ದಂಡ ಎಂದುಕೊಳ್ಳುತ್ತಲೇ ಇಟ್ಟಳು. ಮುಚ್ಚಳದ ಮೇಲೆ 'ಸರ್ ಸಮಾಧಾನಕ್ಕೆ' ಎಂದು ಬರೆದು ಎಲ್ಲಕ್ಕಿಂತ ಕೆಳಗೆ ತಳ್ಳಿದಳು.

ಆರನೆಯ ದಿನ ಬ್ಯಾಕ್ಟೀರಿಯಾ ಮುಟ್ಟಿಸಿದ ಹನ್ನೆರಡು ಪ್ಲೇಟಿನಲ್ಲೂ ಬೆಳ್ಳಗೆ ಹತ್ತಿಯಂತೆ ಶಿಲೀಂಧ್ರ ಅರಳಿತ್ತು. ಬ್ರಾಹ್ಮಿಗೆ ಕುಣಿಯುವಷ್ಟು ಖುಷಿ. ಮೊದಲ ಸಲಕ್ಕೇ ಹನ್ನೆರಡಕ್ಕೆ ಹನ್ನೆರಡು! ಫೋಟೋ ಪುಣೆಗೆ ಹೋಯಿತು. ಸೀಟು ನಿನ್ನದೇ ಎಂದು ಮೇಡಂ ಉತ್ತರವೂ ಬಂತು. ಇನ್ನು ಈ ಕುಕ್ಕರಿಗೂ ಈ ಕತ್ತರಿಗೂ ದೊಡ್ಡ ನಮಸ್ಕಾರ ಎಂದುಕೊಂಡಳು.

ಅಷ್ಟರಲ್ಲಿ ಸರ್ ಬಂದರು. ಹನ್ನೆರಡರ ಕಡೆ ಕಣ್ಣೂ ಹಾಯಿಸದೆ ಅಡಿಯ ಪ್ಲೇಟನ್ನು ಎಳೆದು ಮುಚ್ಚಳದ ಮೇಲಿನ ಬರಹ ಓದಿದರು. ಆಮೇಲೆ ತೆರೆದರು. ಅದರಲ್ಲೂ ಬೆಳ್ಳಗೆ ಹತ್ತಿ ಅರಳಿತ್ತು.

ಬ್ರಾಹ್ಮಿ ಹನ್ನೆರಡು ಪ್ಲೇಟುಗಳತ್ತ ತಿರುಗಿ ನೋಡಿದಳು.

"ಔಷಧ ಯಾವಾಗ ಹಾಕಿದೀಯವಾ?"

"ಕುದಿಸೂಕಿಂತ ಮೊದಲರಿ."

ಕಾಗವಾಡದ ಅವಳ ಮನೆಯಲ್ಲಿ ಸೋಸಿ ಕುದಿಸದ ನೀರನ್ನು ಯಾರೂ ಬಾಯಿಗಿಡುವುದಿಲ್ಲ. ಕುದಿಯದ್ದು ಶುದ್ಧವಲ್ಲ ಎಂದೇ ಅವಳು ಬೆಳೆದದ್ದು. ಔಷಧವನ್ನೂ ಅಗರಿನ ಜೊತೆ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಹೊಡೆಸಿದ್ದಳು. ಆ ಕಾವಿಗೆ ಔಷಧ ಅಲ್ಲಿಯೇ ಸತ್ತಿತ್ತು. ಯಾವ ಶಿಲೀಂಧ್ರಕ್ಕಾದರೂ ಹೊಸ ಜೀನು ಸೇರಿದೆ ಎನ್ನುವುದಕ್ಕೆ ಈಗ ಸಾಕ್ಷಿ ಇರಲಿಲ್ಲ.

"ಪುಣೆಗೆ ಹೇಳೀದಿ?"

"ಫೋಟೋನ ಕಳಿಸೇನ್ರಿ," ಎಂದಳು. ಸರ್ ಬಯ್ಯಲಿಲ್ಲ. ಬೈದಿದ್ದರೆ ಮನಸ್ಸಿನಲ್ಲಾದರೂ ತಿರುಗಿ ಬಯ್ಯಬಹುದಿತ್ತು. ಅವರು ಪ್ಲೇಟನ್ನು ಅವಳ ಅಂಗೈಯಲ್ಲಿಟ್ಟು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಇಷ್ಟು ದಿನ ತಾನು ಅವರನ್ನು ನೋಡುತ್ತಿದ್ದದ್ದೂ ಹೀಗೆಯೇ ಎಂದು ಬ್ರಾಹ್ಮಿಗೆ ಹೊಳೆಯಿತು.

"ಹಂಗಾದ್ರ ಇದರ ಫೋಟೋನೂ ಕಳಸು. ಮ್ಯಾಲ ಬರದದ್ದು ಸ್ವಚ್ಛ ಕಾಣಬೇಕ ಮತ್ತ." ಬಾಗಿಲ ತನಕ ಹೋದವರು ನಿಂತರು. "ನಾಳೆ ಮನಿಯಿಂದ ಒಂದ್ ಲೋಟ ಹಾಲಿಗೆ ಹೆಪ್ಪ ಹಾಕ್ಕೊಂಡು ಬಾ. ಅದು ಗಟ್ಟಿ ಆಗಿದ್ರ ಮುಂದಿಂದು ಮೊಸರು ಸರ್ ಕಲಸ್ತಾನ."