ಶ್ರೀರಾಮಪ್ಪನವರ ಗಾಜಿನ ತೋಟ

ನೆಟ್ಟ ಗಿಡವನ್ನು ಅದರ ಪಾಡಿಗೆ ಬಿಡುವುದು ಶ್ರೀರಾಮಪ್ಪನವರ ಜಾಯಮಾನದಲ್ಲೇ ಇರಲಿಲ್ಲ. ಬೆಳಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮೊದಲು, ಹಿಂದಿನ ಸಂಜೆ ನೆಟ್ಟ ಸಸಿಯ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ನಾಡಿ ನೋಡುವ ವೈದ್ಯರಂತೆ ಕಣ್ಣು ಮುಚ್ಚಿ, ಮೆಲ್ಲನೆ ಒಮ್ಮೆ ಮೇಲಕ್ಕೆ ಜಗ್ಗಿ, ಬೇರು ಮಣ್ಣು ಕಚ್ಚಿದೆಯೋ ಇಲ್ಲವೋ ಎಂಬುದನ್ನು ತಿಳಿದುಕೊಂಡ ಮೇಲೆಯೇ ಅವರಿಗೆ ಕಾಫಿ ರುಚಿಸುತ್ತಿದ್ದದ್ದು. ಅವರ ಜೊತೆ ಹೊರಟವರಿಗೆ ಬಸ್ಸು ತಪ್ಪುವುದು ಖಂಡಿತ. ದಾರಿಯುದ್ದಕ್ಕೂ ಕಂಡವರ ಬೇಲಿಯೊಳಗೆ ಕೈಹಾಕಿ ಕಂಡವರ ಗಿಡಗಳ ಯೋಗಕ್ಷೇಮ ವಿಚಾರಿಸಿಕೊಳ್ಳುತ್ತ ಬರುತ್ತಿದ್ದರು. ಜಗ್ಗಿ ನೋಡಿದ ಮೇಲೆ, ಬೇರು ಹಿಡಿದುಕೊಳ್ಳುತ್ತದೆ ಎನ್ನುವ ಒಂದೇ ತೀರ್ಪು: "ಇಡ್ಕತದೆ ಬಿಡಿ." ಹೊಸದಾಗಿ ಮದುವೆಯಾದ ಜೋಡಿಗೂ ಇದೇ ಮಾತು, ಅವರ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ನನಗೂ ಇದೇ ಮಾತು.

ಕುಳ್ಳನೆಯ ಆಳು. ಸೊಪ್ಪಿನ ಪಾತಿಗಳ ನಡುವಿನ ಕಿರಿದಾದ ಬದುವಿನ ಮೇಲೆ ಐವತ್ತು ವರ್ಷ ನಡೆದ ಕಾಲುಗಳು. ಅಗಲವಾದ ಟಾರು ರಸ್ತೆಯಲ್ಲೂ ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆಯನ್ನು ದಾರ ಹಿಡಿದಂತೆ ನೇರವಾಗಿ ಇಡುತ್ತಿದ್ದರು. ಪಂಚೆಯ ಮೇಲೊಂದು ಕಪ್ಪು ಕೋಟು, ಅದರ ಜೇಬಿನ ತುಂಬ ಹೀರೆ, ಕುಂಬಳದ ಬೀಜ. ಒಂದು ಮಳೆಗಾಲದಲ್ಲಿ ಗೂಟಕ್ಕೆ ನೇತುಹಾಕಿದ್ದ ಆ ಕೋಟಿನ ಜೇಬಿನಿಂದಲೇ ಕುಂಬಳದ ಮೊಳಕೆ ತಲೆ ಎತ್ತಿತ್ತು. ಅವರ ಹೆಂಡತಿ ಮುನಿನಾರಾಯಣಮ್ಮ ಅದನ್ನು ಬೀದಿಗೆಲ್ಲ ತೋರಿಸಿ ಗಂಡನ ಮಾನ ಕಳೆದಿದ್ದರು. ಆದರೆ ಮೊಳಕೆಯನ್ನು ಕಿತ್ತುಹಾಕಲು ಆಕೆಗೂ ಮನಸ್ಸಾಗಲಿಲ್ಲ.

ಪೇಟೆಯ ಅಂಚಿನ ನಮ್ಮ ಮಠದಹಳ್ಳಿಯ ಸುತ್ತಮುತ್ತ ಅವರ ಕೈಗುಣ ಹೆಸರುವಾಸಿ. ಯಾರ ಮನೆಯಲ್ಲಿ ತೆಂಗಿನ ಸಸಿ ಇಡಬೇಕಾದರೂ, ಕರಿಬೇವು ನೆಡಬೇಕಾದರೂ, ತಾಂಬೂಲ ಕೊಟ್ಟು ಕರೆದು, ಮೊದಲ ಹಿಡಿ ಮಣ್ಣನ್ನು ಅವರ ಕೈಯಲ್ಲೇ ಹಾಕಿಸುವುದು ರೂಢಿ. ಅರವತ್ತರ ದಶಕದ ಆರಂಭದಲ್ಲಿ ಅವರ ಸೊಪ್ಪಿನ ತೋಟ ಬಡಾವಣೆಗೆ ಹೋಯಿತು. ಬಂದ ಪರಿಹಾರದಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಮನೆ ಕಟ್ಟಿಸಿ, ಒಂದರಲ್ಲಿ ತಾವಿದ್ದು, ಇನ್ನೊಂದನ್ನು ಶಾಲಾ ಮೇಷ್ಟರಾದ ನನಗೆ ಕೊಟ್ಟರು. ಸುತ್ತ ಅಂಗೈಯಗಲ ಮಣ್ಣಿಲ್ಲ, ಎಲ್ಲ ಸಿಮೆಂಟು. ನೋಡಿದವರೆಲ್ಲ ಪುಣ್ಯವಂತರು ಎಂದರು. ಮುನಿನಾರಾಯಣಮ್ಮನವರು ಮಾತ್ರ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡರು: "ಬೆಳಗೆದ್ದು ನಮ್ ತೋಟ ಇದ್ದ ಜಾಗಕ್ಕೆ ಓಯ್ತಾರೆ ಕಣಮ್ಮ. ಯಾರ್ದೋ ಸೈಟು. ಅಲ್ಲಿ ಕೂತು ಕಳೆ ಕಿತ್ತು ಬತ್ತಾರೆ."

ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಆ ವಾರವೇ ನನ್ನ ಸ್ನೇಹಿತ ಖುದ್ದೂಸರು ಮನೆಗೆ ಬಂದರು. ಯಶವಂತಪುರ ಸ್ಟೇಷನ್ನಿನಲ್ಲಿ ಗುಮಾಸ್ತರು, ಮೀನು ಸಾಕುವ ಹುಚ್ಚಿನವರು. ಶ್ರೀರಾಮಪ್ಪನವರ ಪಾಡನ್ನು ನನ್ನಿಂದ ಕೇಳಿದ ಮೇಲೆ, ತಮ್ಮ ಮನೆಯಲ್ಲಿ ಹೆಚ್ಚಾಗಿದ್ದ, ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿಯೊಂದನ್ನು ಕುದುರೆಗಾಡಿಯಲ್ಲಿ ತಂದು ನಮ್ಮಿಬ್ಬರ ಮನೆಗಳಿಗೂ ಸೇರಿದ ಜಗುಲಿಯಲ್ಲಿಟ್ಟರು. ತೊಳೆದ ಮರಳು ಹಾಸಿ, ಬಾವಿಯ ನೀರು ತುಂಬಿ, ಪಟ್ಟಿಯಂಥ ಉದ್ದ ಎಲೆಗಳ ಒಂದು ಕಟ್ಟು ನೀರುಗಿಡವನ್ನು ಶ್ರೀರಾಮಪ್ಪನವರ ಕೈಗೆ ಕೊಟ್ಟು ಹೇಳಿದರು: "ಯಜಮಾನ್ರೇ, ಮೊದ್ಲು ಗಿಡ ಬೇರು ಬಿಡ್ಲಿ, ಮೀನು ಆಮೇಲೆ. ಹೊಸ ನೀರು ಸ್ವಲ್ಪ ಹಳೇದಾಗ್ಬೇಕು. ಸಬರ್ ಮಾಡಿ, ಸ್ವಲ್ಪ ತಾಳ್ಮೆ ಇರ್ಲಿ."

ಶ್ರೀರಾಮಪ್ಪನವರ ಮುಖ ಅರಳಿತು. ಆದರೆ ತೋಟಗಾರನ ಕೈ ಸಬರ್ ಎಂಬ ಪದವನ್ನು ಕೇಳಿದ್ದಲ್ಲ. ಗೊಬ್ಬರವಿಲ್ಲದ ಬರಿ ಮರಳಲ್ಲಿ ಗಿಡ ಏನು ತಿಂದೀತು ಎಂದು ಮರುಕಪಟ್ಟು, ಯಾರದೋ ಕೊಟ್ಟಿಗೆಯಿಂದ ಹಳೆಯ ಗೊಬ್ಬರ ತಂದು ಮರಳಿನಡಿಗೆ ತುರುಕಿದರು. ಬದನೆಗೆ ಏರಿಸುವಂತೆ ಗಿಡದ ಬುಡಕ್ಕೆ ಮರಳು ಏರಿಸಿ, ಹೊಸ ಎಲೆ ಹುಟ್ಟುವ ಸುಳಿಯನ್ನೇ ಮುಚ್ಚಿದರು. ದಿನಾ ಬೆಳಗ್ಗೆ ಮೊಣಕೈವರೆಗೆ ಕೈಯನ್ನು ನೀರಲ್ಲಿ ಅದ್ದಿ ಜಗ್ಗಿ ನೋಡಿದರು. ನೀರು ಕಲಗಚ್ಚಿನ ಬಣ್ಣಕ್ಕೆ ತಿರುಗಿ ನಾರತೊಡಗಿದಾಗ, ಗೊಬ್ಬರ ಸಾಲದೆಂದು ಇನ್ನಷ್ಟು ಹಾಕಿದರು. ಗಿಡಗಳೆಲ್ಲ ಕೊಳೆತು ತೇಲಿದವು.

ಅದೇ ಸಮಯಕ್ಕೆ ಹಿಂದಿನ ಬೀದಿಯ ಗೋಪಾಲಮ್ಮನವರು ತಾಂಬೂಲ ಹಿಡಿದು ಬಂದರು. ಹೊಸ ಮನೆಯ ಹಿತ್ತಲಲ್ಲಿ ಕರಿಬೇವು ನೆಟ್ಟುಕೊಡಬೇಕಂತೆ. ಶ್ರೀರಾಮಪ್ಪನವರು ತಟ್ಟೆ ಮುಟ್ಟಲಿಲ್ಲ. "ಬೇರೆ ಯಾರ್ನಾದ್ರೂ ಕರ್ಕೊಳವ್ವ," ಎಂದು ಒಳಗೆ ಹೋದರು. ಅವರು ತಾಂಬೂಲ ತಿರುಗಿಸಿ ಕಳಿಸಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಸಂಜೆ ಜಗುಲಿಯಲ್ಲಿ ನನ್ನ ಪಕ್ಕ ಕೂತು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಮಣ್ಣಿನ್ ಜತೆಗೆ ಕೈಗುಣಾನೂ ಓಯ್ತು ಮೇಷ್ಟ್ರೇ," ಎಂದರು. ಮರುದಿನವೇ ನಾನು ಖುದ್ದೂಸರಿಗೆ ಹೇಳಿಕಳಿಸಿದೆ.

ಖುದ್ದೂಸರು ಮತ್ತೆ ಬಂದು, ತೊಟ್ಟಿಯ ನಾತಕ್ಕೆ ಮೂಗು ಮುಚ್ಚಿಕೊಂಡು ಮನಸಾರೆ ನಕ್ಕರು. ಎಲ್ಲ ಬಳಿದು, ತೊಳೆದು, ಹೊಸ ಮರಳು, ಹೊಸ ನೀರು ಹಾಕಿದರು. ನೆಡುವ ಕೆಲಸವನ್ನು ಮಾತ್ರ ಪಟ್ಟುಹಿಡಿದು ಶ್ರೀರಾಮಪ್ಪನವರಿಂದಲೇ ಮಾಡಿಸಿದರು. ಬೇರು ಒಳಗೆ, ಸುಳಿ ಮರಳಿನ ಮೇಲೆ. "ಇದಕ್ಕೆ ಬೆಳಗಿನ ಬಿಸ್ಲು ಸಾಕು. ಹಳೇ ಎಲೆ ಕರಗುತ್ವೆ, ಹೆದರ್ಬೇಡಿ. ಹೊಸ ನೀರಿಗೆ ಒಗ್ಗೋ ಎಲೆ ಆಮೇಲೆ ಬರುತ್ವೆ. ಕೈ ಮಾತ್ರ ಹಾಕ್ಬೇಡಿ ಯಜಮಾನ್ರೇ."

ಎಲೆಗಳು ಹೇಳಿದಂತೆಯೇ ಕರಗತೊಡಗಿದವು. ಶ್ರೀರಾಮಪ್ಪನವರು ತೊಟ್ಟಿಯ ಮುಂದೆ ಹೆರಿಗೆ ಕೋಣೆಯ ಹೊರಗಿನ ಗಂಡಸಿನಂತೆ ಶತಪಥ ತಿರುಗುತ್ತಿದ್ದರು. ಖಂಡಿತ ಮತ್ತೆ ಕೈಹಾಕಿಯೇಬಿಡುತ್ತಿದ್ದರು. ಅಷ್ಟರಲ್ಲಿ ವಿಷಮಶೀತ ಜ್ವರ ಬಂದು ಮಲಗಿಬಿಟ್ಟರು. ಆ ಗಾಬರಿಯಲ್ಲಿ ತೊಟ್ಟಿಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಅವರು ಕೋಲೂರಿಕೊಂಡು ಜಗುಲಿಗೆ ಬರುವ ಹೊತ್ತಿಗೆ ತಿಂಗಳ ಮೇಲಾಗಿತ್ತು.

ನೀರು ತಿಳಿಯಾಗಿತ್ತು. ಕರಗಿದ ಎಲೆಗಳ ಜಾಗದಲ್ಲಿ ಎಳೆಹಸಿರಿನ ಪಟ್ಟಿಗಳು ಮೇಲಿನವರೆಗೂ ಬಂದು ಬಾಗಿದ್ದವು. ಒಂದೊಂದು ಗಿಡವೂ ಮರಳಿನ ಮೇಲೆ ಬಳ್ಳಿ ಹರಿಸಿ, ಅದರ ತುದಿಯಲ್ಲಿ ಮರಿ ಹಾಕಿ, ಆ ಮರಿ ಇನ್ನೊಂದು ಮರಿ ಹಾಕಿತ್ತು. ಶ್ರೀರಾಮಪ್ಪನವರು ನೆಲದ ಮೇಲೆ ಕೂತು ಬಹಳ ಹೊತ್ತು ನೋಡಿದರು.

"ಕಳ್ ನನ್ಮಕ್ಳು," ಎಂದರು ಕೊನೆಗೆ, ನಗುತ್ತಲೇ. "ನಾನಿಲ್ದಿದ್ದಾಗ ನೋಡ್ಕೊಂಡು ಬೆಳೆದವೆ." ಅಷ್ಟು ಹೇಳುವುದರೊಳಗೆ ಕಣ್ಣು ತುಂಬಿ ಬಂತು. ಗಂಜಿ ಹಿಡಿದು ಬಂದ ಮುನಿನಾರಾಯಣಮ್ಮ ಗಾಬರಿಯಾದರು.

"ಯಾಕ್ ಅಳ್ತೀಯಾ? ಚೆನ್ನಾಗೇ ಬಂದವಲ್ಲ!"

"ನಾನು ಬೇಕಾಗೇ ಇರ್ಲಿಲ್ವಲ್ಲಮ್ಮಿ ಇವಕ್ಕೆ."

"ನೆಟ್ಟೋರ್ಯಾರು ಮತ್ತೆ? ನಾನಾ?" ಎಂದು ಆಕೆ ಗದರಿ, ಗಂಜಿ ಆರುತ್ತದೆಂದು ಲೋಟವನ್ನು ಕೈಗೆ ತುರುಕಿದರು.

ಮೈಯಲ್ಲಿ ಕಸುವು ಬಂದ ಮೇಲೆ, ಯಾರೂ ಕರೆಯದೆ, ತಾಂಬೂಲವಿಲ್ಲದೆ, ಶ್ರೀರಾಮಪ್ಪನವರು ಗೋಪಾಲಮ್ಮನವರ ಹಿತ್ತಲಿಗೆ ತಾವಾಗಿಯೇ ಹೋದರು. ಆ ಮಹಾತಾಯಿ ಇನ್ನೂ ಬೇರೆಯವರ ಕೈಯಲ್ಲಿ ನೆಡಿಸಿರಲಿಲ್ಲ. ಕರಿಬೇವಿನ ಸಸಿ ಒಡೆದ ಮಡಕೆಯಲ್ಲೇ ಕಾಯುತ್ತಿತ್ತು.

ಹೊಲ ತೋಟ ಕಳೆದುಕೊಂಡ ಇಂಥವರನ್ನು ಆಮೇಲೆ ಹೆಬ್ಬಾಳದ ಕಡೆಯೂ ಯಲಹಂಕದ ಕಡೆಯೂ ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಕೈತುಂಬ ಹಣ ಬಂತು, ಇನ್ನೇನು ಕೊರತೆ ಎನ್ನುವುದು ನಮ್ಮಂಥವರ ಮಾತು. ತನ್ನ ಕೈ ಇನ್ನೊಂದು ಜೀವಕ್ಕೆ ಬೇಕು ಎಂಬ ನಂಬಿಕೆಯ ಮೇಲೆ ಉಂಡು ಮಲಗುವ ಜನ ಅವರು. ಆ ನಂಬಿಕೆ ಅಲುಗಿದರೆ ಮೃಷ್ಟಾನ್ನವೂ ಅವರಿಗೆ ಸೇರದು. ತಾನಿಲ್ಲದೆಯೂ ಗಿಡ ಬೆಳೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೂ, ಆ ನೋವನ್ನು ನುಂಗಿಕೊಂಡು, ಮತ್ತೊಂದು ಸಸಿ ನೆಡಲು ಎದ್ದು ಹೋಗುವುದಕ್ಕೆ ದೊಡ್ಡ ಎದೆ ಬೇಕು. ಅವರಲ್ಲಿ ಹೆಚ್ಚಿನವರಿಗೆ ಅದು ಇದೆ. ನಮ್ಮ ಊರಿನಲ್ಲಿ ಇನ್ನೂ ನೆರಳು ಉಳಿದಿರುವುದು ಅದರಿಂದ.