ಕೈಗುಣ ಇಲ್ಲದವನ ಸೌಟು

ನಾನು ಒಂದು ಸೌಟು. ಮನೆಯಲ್ಲಿ ನೀವು ಸಾರು ಬಡಿಸಿಕೊಳ್ಳುವ ಬಗೆಯದಲ್ಲ, ಮದುವೆ ಅಡುಗೆಯ ಸೌಟು. ನಿಲ್ಲಿಸಿದರೆ ಆಳಿನ ಎದೆಮಟ್ಟ ಬರುತ್ತೇನೆ. ಹರಿಹರದ ಕಮ್ಮಾರನೊಬ್ಬ ನನ್ನನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ತಿರುಗಿಸಿ ಮತ್ತೆ ಬಡಿದು ಈ ರೂಪಕ್ಕೆ ತಂದ. ಪೆಟ್ಟು ತಿಂದೇ ಹುಟ್ಟಿದ್ದರಿಂದಲೋ ಏನೋ, ನನ್ನ ಮಾತು ಸ್ವಲ್ಪ ಒರಟು. ಊಟ ರುಚಿಯಾದರೆ ಜನ ಅಡುಗೆಯವನ ಕೈಗುಣ ಅನ್ನುತ್ತಾರೆ. ಸೌಟಿನ ಗುಣ ಎಂದವರನ್ನು ಇದುವರೆಗೆ ಕಂಡಿಲ್ಲ. ಅದಿರಲಿ. ಆ ಕೈಗುಣ ಎಂಬ ಮಾತು ಒಬ್ಬ ಒಳ್ಳೆಯ ಮನುಷ್ಯನನ್ನು ಹೇಗೆ ತಿಂದುಹಾಕಿತು ಎಂಬುದನ್ನು ಹೇಳುತ್ತೇನೆ.

ನನ್ನ ಮೊದಲ ಯಜಮಾನರು ಗುರುಬಸಪ್ಪನವರು. ಸುತ್ತಲಿನ ಊರುಗಳಲ್ಲಿ ಅವರ ತಂಡ ಬಂದರೆ ಮಾತ್ರ ಮದುವೆ ಅನ್ನುವಷ್ಟು ಹೆಸರು. ಆ ತಂಡದಲ್ಲಿ ಈರಭದ್ರಪ್ಪನೆಂಬ ಯುವಕನಿದ್ದ. ಚುರುಕು, ಮಾತು ಕಡಿಮೆ. ಒಂದು ಮದುವೆಯಲ್ಲಿ ಯಜಮಾನರು ಮೊದಲ ಸಲ ನನ್ನನ್ನು ಅವನ ಕೈಗೆ ಕೊಟ್ಟು, ಇವತ್ತಿನ ಸಾರು ನಿನ್ನದು ಅಂದರು. ಅವನು ನನ್ನನ್ನು ಕಣ್ಣಿಗೊತ್ತಿಕೊಂಡ. ನನಗೆ ಹಾಗೆ ಯಾರೂ ಮಾಡಿರಲಿಲ್ಲ.

ಸಾರು ಮಾಡಿದ್ದು ದೊಡ್ಡ ಹಿತ್ತಾಳೆ ಕೊಳಗದಲ್ಲಿ. ಅದರ ತಳದ ಕಲಾಯಿ, ಅಂದರೆ ತವರದ ಲೇಪ, ಸವೆದು ಹೋಗಿತ್ತು. ಹಿಂದಿನ ವಾರವಷ್ಟೇ ಕಲಾಯಿಯವನು ಬಾಗಿಲಿಗೆ ಬಂದಿದ್ದ, ಮದುವೆ ಕಾಲ ಮುಗಿಯಲಿ ನೋಡೋಣ ಎಂದು ಯಜಮಾನರು ಕೈಯಾಡಿಸಿ ಕಳಿಸಿದ್ದರು. ತಳ ಕೆರೆಯುವುದು ನನ್ನ ಕೆಲಸವಾದ್ದರಿಂದ ನನಗೆ ಗೊತ್ತಿತ್ತು. ಈರಭದ್ರಪ್ಪನಿಗೆ ಗೊತ್ತಿರಲಿಲ್ಲ. ಮೊದಲ ಪಂಕ್ತಿ ಸಾರನ್ನು ಕೇಳಿ ಕೇಳಿ ಹಾಕಿಸಿಕೊಂಡಿತು. ಎರಡನೆಯ ಪಂಕ್ತಿಯ ಹೊತ್ತಿಗೆ ಹುಣಸೆಹುಳಿ ಹಿತ್ತಾಳೆಗೆ ತಗುಲಿ ಸಾರು ಕಿಲುಬಿಟ್ಟಿತು. ಹಿರಿಯರು ಮುಖ ಸಿಂಡರಿಸಿ ಎಲೆ ಮಡಚಿದರು. ಹೆಣ್ಣಿನ ತಂದೆ ಸಿಟ್ಟಿನಿಂದ ಒಳಗೆ ಬಂದರು.

ಗುರುಬಸಪ್ಪನವರು ನನ್ನಿಂದ ಸಾರು ಸರಿಸಿ ಕೊಳಗದೊಳಗೆ ಇಣುಕಿದರು. ಹಸಿರು ಕಂಡಿತು. ಮುಚ್ಚಳ ಮುಚ್ಚಿ, ಎಲ್ಲರೆದುರು ಹೇಳಿದರು: “ಪಾತ್ರೀದೇನೂ ತಪ್ಪಿಲ್ಲರೀ. ಈ ಈರಭದ್ರಪ್ಪನ ಕೈಗುಣನೇ ಸರಿ ಇಲ್ಲ. ಇವನ ಕೈಗೆ ಸಾರು ಒಗ್ಗಂಗಿಲ್ಲ.”

ಮಾರನೆಯ ದಿನ ಕೊಳಗ ಕಲಾಯಿಗೆ ಹೋಯಿತು. ತಲೆಯ ಮೇಲೆ ಹೊತ್ತುಕೊಂಡು ಹೋದವನು ಈರಭದ್ರಪ್ಪನೇ. ಹೊತ್ತವನಿಗೆ ಹೊಳೆಯಲಿಲ್ಲ. ಗುರು ಸುಳ್ಳು ಹೇಳಿದರು ಅನ್ನುವುದಕ್ಕಿಂತ ತನ್ನ ಕೈಯೇ ಕೆಟ್ಟದ್ದು ಅನ್ನುವುದು ಅವನಿಗೆ ಸುಲಭವಾಗಿತ್ತು. ಮನುಷ್ಯರ ಈ ಬುದ್ಧಿ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಗುರುಬಸಪ್ಪನವರು ತೀರಿಕೊಂಡ ಮೇಲೆ ತಂಡಕ್ಕೆ ಈರಭದ್ರಪ್ಪನೇ ಯಜಮಾನನಾದ. ಯಾರನ್ನು ಯಾವ ಒಲೆಗೆ ನಿಲ್ಲಿಸಬೇಕು, ಯಾವ ಪಂಕ್ತಿಗೆ ಯಾವಾಗ ಅನ್ನ ಬಸಿಯಬೇಕು, ಎಲ್ಲ ಅವನಿಗೆ ಕರಗತ. ಸಾರಿಗೆ ಮಾತ್ರ ಉಪ್ಪು ಹುಳಿ ಹಾಕುತ್ತಿರಲಿಲ್ಲ. ಅದಕ್ಕೆ ಮಲ್ಲೇಶಿ ಅನ್ನುವವನನ್ನು ಇಟ್ಟುಕೊಂಡ. ನನಗೆ ಮಾಡಿಸೋದು ಬರ್ತದೆ, ಮಾಡೋದು ಬರಂಗಿಲ್ಲ ಎಂದು ಯಜಮಾನನೇ ಎಲ್ಲರೆದುರು ನಗುತ್ತ ಹೇಳಿಕೊಳ್ಳುತ್ತಿದ್ದ. ಅಳಿದ ಊರಿಗೆ ಉಳಿದವನೇ ಗೌಡ ಎಂದು ತನ್ನನ್ನೇ ತಮಾಷೆ ಮಾಡಿಕೊಳ್ಳುತ್ತಿದ್ದ. ಯಜಮಾನನೇ ತನ್ನನ್ನು ಹಳಿದುಕೊಂಡರೆ ಕೈಕೆಳಗಿನವರು ಬಿಟ್ಟಾರೆಯೇ? ಮಲ್ಲೇಶಿ ತಲೆಯ ಮೇಲೆ ಕೂತ. ಹೋಳಿಗೆ ತಟ್ಟುವ ಕೊಟ್ರಮ್ಮನನ್ನು ಒಂದು ದಿನ ಬಾಯಿಗೆ ಬಂದಂತೆ ಬೈದು ಅವಳ ಕಣಕವನ್ನು ನೆಲಕ್ಕೆ ಎಸೆದ. ಈರಭದ್ರಪ್ಪ ತಲೆ ತಗ್ಗಿಸಿ ಕೊತ್ತಂಬರಿ ಹೆಚ್ಚುತ್ತಲೇ ಇದ್ದ. ಆಮೇಲೆ ಆ ಕೊಟ್ರಮ್ಮ ನಾನೂ ಸಾರು ಮಾಡಿ ನೋಡ್ತೀನಿ ಎಂದು ಕೇಳಿದಾಗ, ನಿನ್ನ ಕೈಗುಣ ಹೆಂಗೈತೋ ಏನೋ, ಬ್ಯಾಡ ಬಿಡವ್ವ ಅಂದ ಈರಭದ್ರಪ್ಪ. ನನಗೆ ಮೈಯೆಲ್ಲ ಉರಿಯಿತು. ತನಗೆ ಬಿದ್ದ ಬರೆಯನ್ನೇ ಇನ್ನೊಬ್ಬರಿಗೆ ಎಳೆಯುತ್ತಿದ್ದ, ಅದೂ ಮೆತ್ತಗಿನ ದನಿಯಲ್ಲಿ.

ಕೊನೆಗೆ ದಾವಣಗೆರೆಯ ಒಂದು ದೊಡ್ಡ ಮದುವೆಯಲ್ಲಿ ಆಗಬೇಕಾದದ್ದು ಆಯಿತು. ಬೇಳೆ ಬೆಂದಿತ್ತು, ಹೊರಗೆ ಎಲೆ ಹಾಕುತ್ತಿದ್ದರು. ಇನ್ನು ಮುಂದೆ ತಂಡ ತನ್ನ ಹೆಸರಿನಲ್ಲಿ ನಡೆಯಬೇಕು ಎಂದು ಮಲ್ಲೇಶಿ ಪಟ್ಟು ಹಿಡಿದ. ಈರಭದ್ರಪ್ಪ ತಡವರಿಸಿದ. ಮಲ್ಲೇಶಿ ನನ್ನನ್ನು ನೆಲಕ್ಕೆ ಬಿಸಾಡಿ, “ನಾನಿಲ್ಲದ ಅದೆಂಗ ಸಾರು ಮಾಡ್ತೀಯೋ ಮಾಡು,” ಎಂದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತ. ಕರೆದರೆ ಬರುತ್ತಾನೆ, ಆದರೆ ತಂಡ ಅವನದಾಗುತ್ತದೆ. ಈರಭದ್ರಪ್ಪ ಕರೆಯಲು ಹೊರಟೇಬಿಟ್ಟಿದ್ದ. ಕೊಟ್ರಮ್ಮ ಹಿಟ್ಟಿನ ಕೈಯಲ್ಲೇ ದಾರಿಗೆ ಅಡ್ಡ ನಿಂತಳು.

“ನಿಮ್ಮ ಕೈಗುಣ ಸರಿ ಇಲ್ಲ ಅಂದೋರ್ಯಾರ್ರಿ ಯಜಮಾನ್ರ?”

ಅವನು ಹಳೆಯ ಕತೆ ಹೇಳಿದ. ಅವಳು ಕೇಳಿದ್ದು ಒಂದೇ ಮಾತು: “ಆ ಕೊಳಗಕ್ಕ ಕಲಾಯಿ ಇತ್ತೇನ್ರಿ?”

ಮಾರನೆಯ ದಿನ ಆ ಕೊಳಗವನ್ನು ಕಲಾಯಿಗೆ ತಾನೇ ಹೊತ್ತದ್ದು ಈರಭದ್ರಪ್ಪನ ನೆನಪಿಗೆ ಬಂದಿರಬೇಕು, ಕೈ ತಾನಾಗಿ ನೆತ್ತಿಗೆ ಹೋಯಿತು. ಅಲ್ಲೇ ಈರುಳ್ಳಿ ಚೀಲದ ಮೇಲೆ ಕುಸಿದ. “ಇಷ್ಟೇನಾ ಕೊಟ್ರವ್ವಾ?” ಅಂದ. “ಎಲ್ಲಾ ಕೂದಲ ನೆರೆತಲ್ಲಾ ನಂದು.”

“ಅಳೋದು ಆಮ್ಯಾಗ. ಏಳ್ರಿ, ಉಪ್ಪು ಹಾಕ್ರಿ.”

ಅವನು ಎದ್ದ. ಉಪ್ಪು ಹಾಕಿದ. ಹುಣಸೆಹುಳಿ ಬಿಟ್ಟು, ನನ್ನನ್ನು ನೆಲದಿಂದ ಎತ್ತಿ ತೊಳೆದು ಆಡಿಸತೊಡಗಿದ. ಎಷ್ಟೋ ಕೈಗಳನ್ನು ಕಂಡವನು ನಾನು, ಅಂಥ ಹದವಾದ ಕೈಯನ್ನು ಕಂಡಿರಲಿಲ್ಲ. ಮಲ್ಲೇಶಿಯನ್ನು ಯಾರೂ ಕರೆಯಲಿಲ್ಲ. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು, ಸಾರು ತಳ ಕಂಡಿತು.

ಮದುವೆಯ ಯಜಮಾನರು ಕೈ ಒರೆಸಿಕೊಳ್ಳುತ್ತ ಬಂದು, ಮಲ್ಲೇಶಿ ಕೈಗುಣ ಅಂದರೆ ಕೈಗುಣ ಎಂದು ಹೊಗಳಿದರು. ಈರಭದ್ರಪ್ಪ ಜೀವನದಲ್ಲಿ ಮೊದಲ ಸಲ ಎದೆಯೆತ್ತಿ, ಸಾರು ನಾನೇ ಮಾಡಿದ್ದು ಅಂದ. ಅವರು ಜೋರಾಗಿ ನಕ್ಕರು, ಬೆನ್ನು ತಟ್ಟಿದರು, ಒಳ್ಳೇ ತಮಾಷಿ ಮಾಡ್ತೀರಿ ಎಂದು ಹೋದರು.

ಅಂದಿನಿಂದ ಅವನು ಬದಲಾದ. ಮಲ್ಲೇಶಿಯನ್ನು ಮತ್ತೆ ಸೇರಿಸಲಿಲ್ಲ. ಪ್ರತಿ ಮದುವೆಯ ಸಾರೂ ತಾನೇ ಮಾಡಿದ, ಕೊಟ್ರಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ, ಅಡುಗೆ ಕೆಟ್ಟರೆ ಮೊದಲು ಪಾತ್ರೆ ನೋಡು, ಆಮೇಲೆ ಮನುಷ್ಯನನ್ನು ನೋಡು ಅಂದ. ಆದರೆ ಊರ ಬಾಯಿಗೆ ಅವನೇ ಅಷ್ಟು ವರ್ಷ ತುಂಬಿದ ಮಾತು ಅದು, ಹೇಗೆ ಹೋದೀತು? ಮಲ್ಲೇಶಿಯ ಹತ್ತಿರ ಕಲಿತದ್ದು ಎಂದೇ ಕೊನೆಯ ತನಕ ಜನ ಅಂದುಕೊಂಡರು. ಹೀಗೆ ನಾಲ್ಕೈದು ಮದುವೆ ಕಾಲ ಕಳೆಯಿತು, ಅಷ್ಟರಲ್ಲಿ ಅವನ ಆಯುಸ್ಸು ಮುಗಿಯಿತು.

ಈಗ ಕೊಟ್ರಮ್ಮನ ತಂಡಕ್ಕೆ ಹಗುರವಾದ ಸ್ಟೀಲ್ ಸೌಟುಗಳು ಬಂದಿವೆ. ನಾನು ಸಾಮಾನಿನ ಕೋಣೆಯಲ್ಲಿ ಅದೇ ಹಿತ್ತಾಳೆ ಕೊಳಗದೊಳಗೆ ಬಿದ್ದಿದ್ದೇನೆ. ಅದರ ಕಲಾಯಿ ಮತ್ತೆ ಹೋಗಿದೆ, ನನಗೆ ತುಕ್ಕು ಹಿಡಿದಿದೆ. ಕೊಳಗದ ಮೇಲೆ ನನಗೆ ಸಿಟ್ಟಿಲ್ಲ, ಅದೂ ನನ್ನ ಹಾಗೆ ಬಾಯಿಲ್ಲದ್ದು. ಬಾಯಿದ್ದವರ ಮೇಲೆ ಇದೆ.

ನಾನು ಕೊನೆಯ ಸಲ ಸಾರಿಗೆ ಇಳಿದದ್ದು ಈರಭದ್ರಪ್ಪ ತೀರಿಕೊಂಡ ಮೇಲೆ ನಡೆದ ಶಿವಗಣಾರಾಧನೆಯ ಊಟದ ದಿನ. ಕೊಟ್ರಮ್ಮ ಅವನು ಕಲಿಸಿದ ಸಾರನ್ನೇ ಮಾಡಿದ್ದಳು. ಪಂಕ್ತಿಯಲ್ಲಿ ಕೂತ ಹಿರಿಯರೊಬ್ಬರು ಪಕ್ಕದವರಿಗೆ, ಪಾಪ, ಒಳ್ಳೇ ಮನುಷ್ಯ, ಕೈಗುಣ ಒಂದು ಇರಲಿಲ್ಲ ನೋಡು ಅಂದರು. ಬಡಿಸುತ್ತಿದ್ದ ಕೊಟ್ರಮ್ಮ ಅವರೆದುರು ಬಕೆಟ್ಟು ಇಳಿಸಿದಳು.

“ನೀವೀಗ ಉಂಡಿದ್ದು ಅವರ ಕೈಗುಣಾನೇ ರೀ.”

ಹಿರಿಯರು ತಲೆ ಎತ್ತಲಿಲ್ಲ. ಅನ್ನದ ನಡುವೆ ಗುಳಿ ಮಾಡಿಕೊಂಡು, “ಹೌದೇನವ್ವ? ಇನ್ನೊಂದೀಟು ಹಾಕು,” ಅಂದರು.