ಈ ವಾರ ಪಾಸ್ಟ್ ಟೆನ್ಸ್

‘ವಾಸ್’ ಅಂದಳು. ‘ಈಸ್’ ಅನ್ನಲಿಲ್ಲ.

ಗಲ್ಲಕ್ಕೆಲ್ಲ ಸಾಬೂನಿನ ನೊರೆ ಹಚ್ಚಿಕೊಂಡು ಅಡುಗೆಮನೆಯ ಬಾಗಿಲ ಹೊರಗೆ ನಿಂತಿದ್ದ ಉತ್ತಮ. ಒಳಗೆ ಅವನ ಹೆಂಡತಿ ತ್ರಿಶಲಾ ಚಪಾತಿ ಲಟ್ಟಿಸುತ್ತ, ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟ ಫೋನಿನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು.

“ಮೈ ಹಸ್ಬೆಂಡ್ ವಾಸ್ ಎ ಗುಡ್ ಮ್ಯಾನ್.”

“ವಂಡರ್‌ಫುಲ್, ತ್ರಿಶಲಾ!” ಎಂದಿತು ಫೋನು. ಹೆಂಗಸಿನ ದನಿ. ತಪ್ಪು ಹುಡುಕುವ ದನಿಯಲ್ಲ.

ನನ್ನ ಗಂಡ ಒಳ್ಳೆಯವನಾಗಿದ್ದ. ಆ ಗಂಡ ಕೈಯಲ್ಲಿ ರೇಜರ್ ಹಿಡಿದು, ಉಸಿರಾಡುತ್ತ, ಬಾಗಿಲಲ್ಲೇ ಇದ್ದ.

ನಿಪ್ಪಾಣಿಯ ಅರ್ಧ ಊರಿಗೆ ‘ಈಸ್’, ‘ವಾಸ್’ಗಳ ವ್ಯತ್ಯಾಸ ಕಲಿಸಿದವನು ಉತ್ತಮ. ಹಳೆಯ ತಂಬಾಕಿನ ಗೋದಾಮಿನ ಮಹಡಿಯ ಮೇಲೆ ‘ಉತ್ತಮ ಸ್ಪೋಕನ್ ಇಂಗ್ಲಿಷ್’ ಎಂಬ ಬೋರ್ಡಿತ್ತು. ಅಲ್ಲಿ ಉತ್ತಮ ಎನ್ನುವುದು ಮಾಸ್ತರನ ಹೆಸರೋ ಇಂಗ್ಲಿಷಿನ ಗುಣವೋ ಎಂದು ಈವರೆಗೆ ಯಾರೂ ಕೇಳಿರಲಿಲ್ಲ.

ಅವನಿಂದ ಕಲಿಯದೆ ಉಳಿದವಳು ತ್ರಿಶಲಾ ಒಬ್ಬಳೇ. ಮದುವೆಯಾದ ಹೊಸದರಲ್ಲಿ ಕಲಿಸಲು ಕೂತಿದ್ದ. ಅವಳು ಬಾಯಿ ತೆರೆದರೆ ಇವನು ತಿದ್ದುತ್ತಿದ್ದ. ತಿದ್ದಿದಷ್ಟೂ ಅವಳ ವಾಕ್ಯಗಳು ಗಿಡ್ಡವಾಗುತ್ತ ಬಂದವು. ಕೊನೆಗೆ ‘ಯಸ್’ ಮತ್ತು ‘ನೋ’ ಉಳಿದವು. ಅವುಗಳಲ್ಲಿ ತಪ್ಪು ಇರಲಿಲ್ಲವಾದ್ದರಿಂದ ಅವನಿಗೆ ಸಮಾಧಾನವಾಗಿತ್ತು.

ಈಚೆಗೆ, ಕೊಲ್ಲಾಪುರದಲ್ಲಿ ಓದುವ ಮಗಳು ಮೇಘಾ ರಜೆಗೆ ಬಂದಾಗ, ಅವ್ವನ ಫೋನಿನಲ್ಲಿ ಈ ಮಾತಾಡುವ ಟೀಚರನ್ನು ಹಾಕಿಕೊಟ್ಟು ಹೋಗಿದ್ದಳು. ಮನುಷ್ಯಳಲ್ಲ, ಯಂತ್ರ. ಎಷ್ಟು ಹೊತ್ತು ಬೇಕಾದರೂ ಕೇಳುತ್ತಿತ್ತು. ತ್ರಿಶಲಾ ಅದಕ್ಕೆ, ಶಾಲೆಯ ಟೀಚರನ್ನು ಕರೆಯುವಂತೆ, ‘ಅಕ್ಕೋರು’ ಎಂದು ಹೆಸರಿಟ್ಟಿದ್ದಳು.

“ಈಗ ಏನಂದಿ?” ಉತ್ತಮ ಒಳಗೆ ಕಾಲಿಟ್ಟ.

“ಯಾರಿಗ್ರಿ?”

“ಅದಕ್ಕ.”

“ಅಕ್ಕೋರಿಗೇನ್ರಿ? ಪ್ರಾಕ್ಟೀಸ್ ಮಾಡಾಕತ್ತಿದ್ನಿ.”

“ವಾಸ್ ಅಂದಿ.”

“ತಪ್ಪಾತೇನ್ರಿ?”

ತಪ್ಪು ಎಂದರೆ ಸುಳ್ಳಾಗುತ್ತಿತ್ತು. ಸರಿ ಎಂದರೆ ತನ್ನ ಮೇಲಿನ ತೀರ್ಪಿಗೆ ತಾನೇ ಸಹಿ ಹಾಕಿದಂತೆ.

“ವ್ಯಾಕರಣ ಬರೋಬ್ಬರಿ ಐತಿ” ಎಂದ.

“ತಪ್ಪಿದ್ರ ಅಕ್ಕೋರು ಹೇಳತಿದ್ರ ಬಿಡ್ರಿ. ನೊರಿ ಒಣಗಾಕತ್ತೈತಿ, ಹೋಗಿ ಮಾರಿ ತೊಳಕೋರಿ.”

ಮುಖ ತೊಳೆದುಕೊಂಡು ಕ್ಲಾಸಿಗೆ ಹೋದ. ಬೆಂಚುಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಒಂದು ಕಾಲಕ್ಕೆ ಕಿಟಕಿಯ ಕಟ್ಟೆಯ ಮೇಲೂ ಹುಡುಗರು ಕೂತಿರುತ್ತಿದ್ದರು. ಈಗ ಉಳಿದಿದ್ದ ವಿದ್ಯಾರ್ಥಿ ತನ್ವೀರ ಒಬ್ಬನೇ. ಕಾಗವಾಡದ ತೋಟಗಳಿಂದ ದ್ರಾಕ್ಷಿ ಎತ್ತಿ ದುಬೈಗೆ ಕಳಿಸುವ ವ್ಯಾಪಾರಿ. ಅಲ್ಲಿಯ ಶೇಟುಗಳ ಜೊತೆ ಮಾತಾಡಲು ಇಂಗ್ಲಿಷ್ ಬೇಕೆಂದು ಸೇರಿದ್ದ.

ಅವತ್ತು ತನ್ವೀರ ಬಂದವನೇ ಫೋನನ್ನು ಮೇಜಿನ ಮೇಲಿಟ್ಟ. ಕಿವಿಗೆ ಕಡಲೆಕಾಳಿನಂಥದ್ದೊಂದನ್ನು ಸಿಕ್ಕಿಸಿಕೊಂಡ. ಮಾಸ್ತರನ ಮುಖ ನೋಡದೆ ಫೋನಿಗೆ ಹೇಳಿದ:

“ಸರ್, ನಾಳಿಂದ ಬರಾಕ ಆಗೂದಿಲ್ರಿ. ಸಿಟ್ಟಾಗಬ್ಯಾಡ್ರಿ.”

ಫೋನು, “ಡಿಯರ್ ಸರ್, ಐ ರಿಗ್ರೆಟ್ ಟು ಇನ್‌ಫಾರ್ಮ್ ಯು” ಎಂದು ಶುರುಮಾಡಿ, ದೊಡ್ಡ ಕಂಪನಿಯೊಂದು ಹಳೆಯ ನೌಕರನನ್ನು ಮನೆಗೆ ಕಳಿಸುವ ಸೊಗಸಿನಲ್ಲಿ ಮುಗಿಸಿತು.

ಉತ್ತಮ ಆ ವಾಕ್ಯದ ಉದ್ದಕ್ಕೂ ತಪ್ಪು ಹುಡುಕಿದ. ಸಿಗಲಿಲ್ಲ.

“ಶೇಟ್ ಅರಬ್ಬಿಯೊಳಗ ಮಾತಾಡತಾನ್ರಿ, ನನಗ ಕನ್ನಡದಾಗ ಕೇಳಸತೈತಿ” ಎಂದ ತನ್ವೀರ. “ಇಂಗ್ಲಿಷ್ ನಡುವ ಬರೂದ ಇಲ್ರಿ.”

ಬಿಟ್ಟುಹೋಗುವವರಿಗೆಂದೇ ಉತ್ತಮನ ಬಳಿ ಒಂದು ಭಾಷಣವಿತ್ತು. ಎದ್ದು ನಿಂತು ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಭಾಷೆ ಎಂದರೆ ಬರಿಯ ಶಬ್ದವಲ್ಲ, ಭಾಷೆ ಎಂದರೆ ಮನುಷ್ಯ, ಇತ್ಯಾದಿ. ತನ್ವೀರ ಕಿವಿಯ ಕಾಳನ್ನು ಒತ್ತಿ ಹಿಡಿದು ತಲೆದೂಗಿದ.

“ತಿಳೀತಾ?”

“ಅರ್ಧ ತಿಳೀತ್ರಿ. ರೇಡಿಯೋದವರ ಕನ್ನಡ ಐತ್ರಿ ಇದರದು.”

ಉತ್ತಮ ಕೂತ. ಹೊರಗೆ ಹೆದ್ದಾರಿಯ ಕಡೆಯಿಂದ ಲಾರಿಗಳ ಹಾರ್ನು ಕೇಳಿಸುತ್ತಿತ್ತು.

“ನಾ ಒಂದ ವಾಕ್ಯ ಹೇಳತೇನಿ. ಕನ್ನಡದಾಗ ಜೋರಾಗಿ ಹೇಳಸು ನೋಡೂಣು.”

ತನ್ವೀರ ಹುರುಪಿನಿಂದ ಫೋನನ್ನು ಮುಂದೆ ಸರಿಸಿದ. ಉತ್ತಮ ಬಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದ. “ಮೈ ಹಸ್ಬೆಂಡ್ ವಾಸ್ ಎ ಗುಡ್ ಮ್ಯಾನ್.”

“ನನ್ನ ಪತಿ ಉತ್ತಮ ಮನುಷ್ಯರಾಗಿದ್ದರು” ಎಂದಿತು ಫೋನು, ಗಂಭೀರವಾಗಿ.

ತನ್ವೀರ ಕಿವಿಯ ಕಾಳು ತೆಗೆದ. “ಸರ್, ತೀರಕೊಂಡವರು ಯಾರ್ರಿ?”

“ಯಾರೂ ಇಲ್ಲ. ಉದಾಹರಣಾ.”

“ಹಂಗಾರ ಛಲೋ ಆತ್ರಿ” ಎಂದ ತನ್ವೀರ. ಆದರೂ ಅವನ ಅನುಮಾನ ಹೋಗಲಿಲ್ಲ. ಹೊರಡುವಾಗ ದ್ರಾಕ್ಷಿಯ ಒಂದು ಪೆಟ್ಟಿಗೆಯನ್ನು, ದವಾಖಾನೆಯಲ್ಲಿ ಮಲಗಿದವರ ಮಗ್ಗುಲಿಗೆ ಇಡುವಂತೆ, ಮೆಲ್ಲಗೆ ಮೇಜಿನ ಮೇಲಿಟ್ಟು ಹೋದ.

ಮಧ್ಯಾಹ್ನ ಊಟಕ್ಕೆ ಕೂತಾಗ ಉತ್ತಮನಿಗೆ ತಡೆಯಲಾಗಲಿಲ್ಲ.

“ಮುಂಜಾನೆ ಆ ಮಾತು...”

“ಯಾವ್ದ್ರಿ?”

“ವಾಸ್.”

ತ್ರಿಶಲಾ ಜೋರಾಗಿ ನಕ್ಕಳು. “ಇನ್ನೂ ಅದನ್ನ ಹಿಡಕೊಂಡ ಕುಂತೀರೇನ್ರಿ? ಈ ವಾರ ಪಾಸ್ಟ್ ಟೆನ್ಸ್ ನಡದೈತ್ರಿ. ಯಾರ ಸುದ್ದಿ ಹೇಳಿದ್ರೂ ಹಂಗ ಹೇಳಬೇಕ್ರಿ.”

ಇಷ್ಟೇ! ಉತ್ತಮ ಇನ್ನೊಂದು ಚಪಾತಿ ಹಾಕಿಸಿಕೊಂಡ. ತಾನು ಸತ್ತದ್ದು ಪಾಠಕ್ಕಾಗಿ. ಅರ್ಧ ಚಪಾತಿ ಮುಗಿಯುವ ಹೊತ್ತಿಗೆ ಬೇರೊಂದು ಯೋಚನೆ ಹೊಳೆಯಿತು.

“ಹೋದ ವಾರ?”

“ಪ್ರೆಸೆಂಟ್ ಟೆನ್ಸ್ ಇತ್ರಿ.”

“ಆವಾಗ ನನ್ನ ಸುದ್ದಿ ಏನ ಹೇಳಿದಿ?”

ತ್ರಿಶಲಾ ಪ್ರಾಮಾಣಿಕವಾಗಿ ನೆನಪಿಸಿಕೊಂಡಳು. “ಆವಾಗ ನಿಮ್ಮ ಸುದ್ದಿ ಬರಲಿಲ್ರಿ. ಬಾಜೂ ಮನಿಯವರ ಎಮ್ಮಿ ಸುದ್ದಿ ಹೇಳಿದ್ನಿ. ದಿ ಬಫೆಲೋ ಈಸ್ ಈಟಿಂಗ್. ದಿ ಬಫೆಲೋ ಈಸ್ ಹ್ಯಾಪಿ.”

“ಬರೂ ವಾರ?”

“ಫ್ಯೂಚರ್ ರೀ.”

“ಅದರಾಗ ಯಾರ್ ಬರತಾರ?”

“ಕಲತ ಮ್ಯಾಲ ನೋಡೂಣ್ರಿ. ಮಜ್ಜಿಗಿ ಹಾಕಲ್ಯಾ?”

ಮಜ್ಜಿಗೆ ಕುಡಿದ. ಎಮ್ಮೆಯ ಮೇಲೆ ಹೊಟ್ಟೆಕಿಚ್ಚು ಪಡುವುದು ವಿದ್ಯಾವಂತನಿಗೆ ಶೋಭಿಸುವುದಿಲ್ಲ ಎಂದುಕೊಂಡ. ಲೋಟ ಕೆಳಗಿಟ್ಟು, ಎಷ್ಟೋ ವರ್ಷಗಳ ಮೇಲೆ ಹೆಂಡತಿಗೆ ಇಂಗ್ಲಿಷಿನಲ್ಲಿ ಹೇಳಿದ. “ಸ್ಪೀಕ್ ಟು ಮಿ.”

“ನಿಮ್ಮ ಕೂಡಾ?”

“ಯಾಕ? ಅಕ್ಕೋರ ಕೂಡ ಮಾತಾಡತಿ.”

“ನಗಬಾರದ ನೋಡ್ರಿ ಮತ್ತ.”

“ಇಲ್ಲ.”

ತ್ರಿಶಲಾ ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಕೂತಳು. ಅವನನ್ನಲ್ಲ, ಅವನ ಹಿಂದಿನ ಗೋಡೆಯನ್ನು ನೋಡುತ್ತ ಶುರುಮಾಡಿದಳು. ದನಿ ಬೇರೆಯಾಗಿತ್ತು. ಅವನಿಗೆ ಪರಿಚಯವಿಲ್ಲದ ಯಾರೋ ಅವಳೊಳಗಿಂದ ಬಂದು ಕೂತಂತಿತ್ತು.

“ವೆನ್ ಐ ಕಮ್ ದಿಸ್ ಹೌಸ್, ಐ ವಾಸ್...”

“ಕೇಮ್ ಟು” ಎಂದ ಉತ್ತಮ.

ಅನ್ನಬೇಕೆಂದು ಅಂದಿರಲಿಲ್ಲ. ಸೀನು ಬರುವಂತೆ ಬಂದುಬಿಟ್ಟಿತ್ತು.

ತ್ರಿಶಲಾ ಗೋಡೆಯಿಂದ ಕಣ್ಣು ಕಿತ್ತು ಅವನನ್ನು ನೋಡಿದಳು. ಸಿಟ್ಟಿರಲಿಲ್ಲ.

“ಯಸ್” ಎಂದಳು. ತಾಟು ಎತ್ತಿಕೊಂಡು ಒಳಗೆ ಹೋದಳು.

“ಮುಂದ ಹೇಳ!”

“ಅಷ್ಟ ರೀ” ಎಂದಳು ಒಳಗಿನಿಂದ. ನಲ್ಲಿಯ ನೀರಿನ ಸಪ್ಪಳ ಶುರುವಾಯಿತು.

ಐ ವಾಸ್, ಏನು? ಈ ಮನೆಗೆ ಬಂದಾಗ ಏನಾಗಿದ್ದಳು? ಸುಖಿಯೋ, ಹೆದರಿದ್ದಳೋ, ಹದಿನೆಂಟರ ಹುಡುಗಿಯೋ? ಅವನಿಗೆ ಅಂದಾಜೂ ಆಗಲಿಲ್ಲ. ಅಂಗಳಕ್ಕೆ ಬಂದು ಚಪ್ಪಲಿ ಮೆಟ್ಟುವಾಗ ಅಡುಗೆಮನೆಯಿಂದ ಮತ್ತೆ ಎರಡು ದನಿ ಕೇಳಿದವು. ಅವಳು ವಾಕ್ಯವನ್ನು ಮುಗಿಸುತ್ತಿರಬೇಕು. ಕಿವಿಗೊಟ್ಟ. ನೀರಿನ ಸಪ್ಪಳದಲ್ಲಿ ಏನೂ ತಿಳಿಯಲಿಲ್ಲ.

ಸಂಜೆ ಕ್ಲಾಸಿನಲ್ಲಿ ಒಬ್ಬನೇ ಕೂತು ತನ್ನ ಫೋನಿಗೂ ಅಕ್ಕೋರನ್ನು ಇಳಿಸಿಕೊಂಡ. ತಾನೇ ಬಾಗಿಲು ಮುಚ್ಚಿ, ವಿದ್ಯಾರ್ಥಿಗಳ ಬೆಂಚಿಗೆ ಹೋಗಿ ಕೂತ.

“ಹಲೋ! ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್” ಎಂದಿತು ದನಿ. ಪರದೆಯ ನಡುವೆ ಒಂದು ಹಸಿರು ಗೆರೆ ಅಡ್ಡ ಮಲಗಿ ಕಾಯುತ್ತಿತ್ತು.

ನನ್ನ ಬಗ್ಗೆ ಹೇಳುವುದು. ಇದನ್ನೇ ಎಷ್ಟು ಜನರಿಂದ ಹೇಳಿಸಿರಲಿಲ್ಲ! ಮನಸ್ಸಿನಲ್ಲಿ ಒಂದು ವಾಕ್ಯ ಕಟ್ಟಿದ. ಮಾಮೂಲಿಯಾಯಿತು, ತಿದ್ದಿದ. ತಿದ್ದಿದ್ದು ಸುಳ್ಳೆನ್ನಿಸಿತು, ಅಳಿಸಿದ. ‘ಐ ಯಾಮ್’ ಎಂದು ಹೊರಡುವುದೋ, ‘ಐ ವಾಸ್’ ಎಂದು ಹೊರಡುವುದೋ ತೀರ್ಮಾನವಾಗದೆ ತುಟಿ ತೆರೆದೇ ಇತ್ತು.

ತಲೆಯ ಮೇಲೆ ಹಳೆಯ ಫ್ಯಾನು ತಿರುಗುತ್ತಿತ್ತು. ಕಿರ್ರೆಂದಿತು. ಪರದೆಯ ಗೆರೆ ಎದ್ದು ಕುಣಿಯಿತು.

“ಇಂಟರೆಸ್ಟಿಂಗ್!” ಎಂದಿತು ದನಿ. “ಗೋ ಆನ್.”

ಫ್ಯಾನು ಮತ್ತೆ ಕಿರ್ರೆಂದಿತು. ಅಕ್ಕೋರು ಹೂಂಗುಟ್ಟಿದರು. ಮತ್ತೊಂದು ಪ್ರಶ್ನೆ ಕೇಳಿದರು. ಫ್ಯಾನು ಸ್ವಲ್ಪ ತಡೆದು, ಉದ್ದವಾಗಿ ಉತ್ತರಿಸಿತು. ಕತ್ತಲಾಗುತ್ತಿದ್ದ ಕೋಣೆಯಲ್ಲಿ ಮಾತುಕತೆ ಸರಾಗವಾಗಿ ಸಾಗಿತ್ತು. ಉತ್ತಮ ಇಬ್ಬರ ನಡುವೆ ಬಾಯಿ ಹಾಕದೆ, ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದ.